ರನ್‌ವೇ ನಮ್ಮೂರಲ್ಲಿ, ವಿಮಾನ ಮಾತ್ರ ದೂರ

ಚಳ್ಳಕೆರೆ ತಾಲ್ಲೂಕಿನಲ್ಲಿ ಈಗ ಒಂದು ರನ್‌ವೇ ಇದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ವಿದ್ಯಾನಗರ ವಿಮಾನ ನಿಲ್ದಾಣವಿದೆ. ಚಳ್ಳಕೆರೆ ಪಟ್ಟಣದಿಂದ ಅಲ್ಲಿಗೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ 100 ಕಿ.ಮೀ.ಗಿಂತ ಕಡಿಮೆ. ಗಂಟೆಗೆ 500 ಕಿ.ಮೀ. ಹೋಗುವ ಸಣ್ಣ ವಿಮಾನಕ್ಕೆ ಹೆಚ್ಚೆಂದರೆ 12 ನಿಮಿಷದ ದಾರಿ. ಆದರೆ ನಾವು ತಳಕು, ಹಾನಗಲ್, ರಾಂಪುರ ದಾಟಿ, ಬಳ್ಳಾರಿ ಸುತ್ತಿ ಬಸ್ಸಿನಲ್ಲೇ ಹೋಗಬೇಕು. ಯಾಕೆ ಹೀಗೆ? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ವೇಗಕ್ಕೂ ನಮ್ಮ ಸೀಮೆಗೂ ಹಳೇ ನಂಟು. ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ ಟಿಪ್ಪು 'ಅಮೃತ ಮಹಲ್' ಎಂದು ಹೆಸರಿಟ್ಟ. ಆ ದನಗಳು ಮೇಯಲೆಂದು ಬಿಟ್ಟ ಹುಲ್ಲುಗಾವಲುಗಳೇ ಅಮೃತ ಮಹಲ್ ಕಾವಲುಗಳು. ಈ ತಳಿಯ ಎತ್ತುಗಳ ಬಲದಿಂದಲೇ ಹೈದರಾಲಿ ಚಿದಂಬರಂಗೆ 100 ಮೈಲಿ ದಾರಿಯನ್ನು ಎರಡೂವರೆ ದಿನದಲ್ಲಿ ಕ್ರಮಿಸಿದ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಆ ಕಾಲಕ್ಕೆ ಅದೇ ದೊಡ್ಡ ವೇಗ. ಅದು ಸೈನ್ಯಕ್ಕಾಗಿ ಇದ್ದ ವೇಗ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ವಿಮಾನ ಹಾರಿಸಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ಅಂಚೆ ಚೀಲಗಳನ್ನು ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಮೊಳಕಾಲ್ಮುರು ಆಗ ಮೈಸೂರು ಸಂಸ್ಥಾನದ ಗಡಿ ತಾಲ್ಲೂಕು, ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಬಳ್ಳಾರಿಯಿಂದ ಮದ್ರಾಸಿಗೆ ನೇರ ದೂರ ಸುಮಾರು 430 ಕಿ.ಮೀ. ಗಂಟೆಗೆ 160 ಕಿ.ಮೀ. ಹೋಗುತ್ತಿದ್ದ ಆ ಪುಟ್ಟ ವಿಮಾನಕ್ಕೆ ಅದು ಮೂರು ಗಂಟೆಯೊಳಗಿನ ದಾರಿ. ಆದರೆ ಅದು ಬಂದಿದ್ದು ಕಾಗದಪತ್ರಕ್ಕಾಗಿ.

ವಿದ್ಯಾನಗರ ನಿಲ್ದಾಣ ಕಟ್ಟಿದ್ದು ಜಿಂದಾಲ್ ಉಕ್ಕಿನ ಕಾರ್ಖಾನೆಯವರು. 2017ರಲ್ಲಿ 'ಉಡಾನ್' ಯೋಜನೆ ಬಂದ ಮೇಲೆ ಅಲ್ಲಿಂದ ಜನಸಾಮಾನ್ಯರಿಗೂ ಟಿಕೆಟ್ ಸಿಗುವಂತಾಯಿತು. ಅಲ್ಲಿಂದ ಬೆಂಗಳೂರಿಗೆ ನೇರ ದೂರ ಸುಮಾರು 250 ಕಿ.ಮೀ.

ಅದೇ 2017ರ ಮೇ ತಿಂಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು, ರನ್‌ವೇಯಿಂದ 4.6 ಕಿ.ಮೀ. ದೂರದಲ್ಲಿ ಬಿಟ್ಟಿತು. ಪೈಲಟ್ ಇಲ್ಲದ ಆ ವಾಹನ ತಾನಾಗಿಯೇ ಬಂದು ಇಳಿಯಿತು. ಇದು ನಮ್ಮ ಸೀಮೆಗೂ ಹೆಮ್ಮೆಯ ವಿಷಯವೇ.

ಆದರೆ ಡಿಆರ್‌ಡಿಒ, ಇಸ್ರೋ, ಬಾರ್ಕ್, ಐಐಎಸ್‌ಸಿಗಳಿಗೆಂದು ಇಲ್ಲಿ ಹೋದದ್ದು ಸುಮಾರು 10,000 ಎಕರೆ. ಕುರಿ, ದನ ಮೇಯಿಸಿ, ಕಂಬಳಿ ನೇಯ್ದು ಬದುಕುವ ಸೀಮೆಗೆ ಕಾವಲು ಬರೀ ಖಾಲಿ ಜಾಗವಲ್ಲ. ಅದಕ್ಕೇ ಜನ ಹೋರಾಡಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಸೈನ್ಯ, ಅಂಚೆ, ಕಾರ್ಖಾನೆ, ಪರೀಕ್ಷೆ. ಈ ನಾಲ್ಕಕ್ಕೂ ವೇಗ ಬೇಕಿತ್ತು, ಬಂತು. ನಮ್ಮ ಪ್ರಯಾಣಕ್ಕಾಗಿ ಬಂದದ್ದು ಕಡಿಮೆ. ನಿಲ್ದಾಣದಿಂದ ನಿಲ್ದಾಣಕ್ಕೆ ಎಷ್ಟು ನಿಮಿಷ ಎಂದು ಲೆಕ್ಕ ಹಾಕುವವರು, ನಮ್ಮ ಹಟ್ಟಿಯಿಂದ ಆ ನಿಲ್ದಾಣಕ್ಕೆ ಎಷ್ಟು ಬಸ್ಸು ಬದಲಿಸಬೇಕು ಎಂಬುದನ್ನೂ ಎಣಿಸಲಿ. ನೆಲ ಬಿಟ್ಟುಕೊಟ್ಟ ಊರುಗಳು ಇಷ್ಟನ್ನಾದರೂ ಕೇಳಬಹುದು ಎಂಬುದು ನಮ್ಮ ಅನಿಸಿಕೆ.