ಅಟ್ಟ ಸೇರಿದ ಕೌದಿ

ಚಡಚಣದ ನಮ್ಮ ಮನೆಯಲ್ಲಿ ಬೇಸಿಗೆ ಬಂತಂದ್ರೆ ಆಯಿ ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕೂಡ್ತಿದ್ದಳು. ಹಳೇ ಇಳಕಲ್ ಸೀರೆ, ಅಜ್ಜನ ಧೋತರ, ನನ್ನ ಹರಿದ ಸಾಲಿ ಅಂಗಿ, ಎಲ್ಲಾ ಒಂದರ ಮೇಲೊಂದು. ನಾನು ಬೆಂಗಳೂರಿಗೆ ಹೊರಟಾಗ ಒಂದು ಕೌದಿ ಕೊಟ್ಟಳು. ಟೀಮಿನವರು ಊಟಕ್ಕೆ ಬರ್ತಾರೆ ಅಂತ ಒಂದಿನ ಅದನ್ನ ಲಾಫ್ಟಿಗೆ ಏರಿಸಿದವನು, ಮತ್ತೆ ಇಳಿಸಲೇ ಇಲ್ಲ.

ನಮ್ಮ ಕಡೆ ಸೂಜಿ ಕೆಲಸಕ್ಕೆ ದೊಡ್ಡ ಇತಿಹಾಸವಿದೆ. ಮದುವೆಯ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದರು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿಗಳಂತೂ ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣಬೇಕು. ಮೂಡುತ್ತಿದ್ದದ್ದು ಗೋಪುರ, ತೇರು, ಆನೆ, ತುಳಸಿಕಟ್ಟೆ. ಅಂದ್ರೆ ಗುಡಿ ಮತ್ತು ಮನೆ, ಆ ಹೆಂಗಸರು ದಿನಾ ಕಂಡ ಜಗತ್ತು. ಕಸೂತಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಸಂಡೂರಿನ ಲಂಬಾಣಿ ಕಸೂತಿಗೂ ಸಿಕ್ಕಿದೆ. 2023ರಲ್ಲಿ ಹಂಪಿಯ ಜಿ20 ಸಭೆಯ ವೇಳೆ ಲಂಬಾಣಿ ಹೆಣ್ಣುಮಕ್ಕಳ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ಕೌದಿಗೆ ಮಾತ್ರ ಇಂಥ ಭಾಗ್ಯವಿಲ್ಲ. ಅದು ಹಾಸಲಿಕ್ಕೆ, ಹೊದೀಲಿಕ್ಕೆ, ಅಷ್ಟೇ.

ಇದೆಲ್ಲ ನೆನಪಾದದ್ದು ಎಲೈನ್ ರೈಚೆಕ್ ಬಗ್ಗೆ ಓದಿದಾಗ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದ ಯಹೂದಿ ಕಲಾವಿದೆ. ಆಕೆಯ ಮನೆ ತುಂಬ ಹಳೇ ಅಮೆರಿಕನ್ ವಸಾಹತು ಶೈಲಿಯ ಪೀಠೋಪಕರಣ. ಯಹೂದಿಗಳ ಮನೆ ಅಂತ ಹೇಳುವ ಗುರುತೇ ಕಾಣದಂಥ ಮನೆ. 1994ರಲ್ಲಿ ನ್ಯೂಯಾರ್ಕಿನ ಯಹೂದಿ ಮ್ಯೂಸಿಯಮ್ಮಿನಲ್ಲಿ ಆಕೆ ತನ್ನ ಬಾಲ್ಯದ ಮಲಗುವ ಕೋಣೆಯನ್ನು ಮತ್ತೆ ಕಟ್ಟಿದಳು. ಗೋಡೆಗೆ ಸ್ಯಾಂಪ್ಲರ್‌ಗಳನ್ನು ತೂಗುಹಾಕಿದಳು. ಹಿಂದೆ ಹುಡುಗಿಯರು ಅಕ್ಷರ, ನೀತಿಪಾಠ ಹೊಲಿದು ಕಲಿಯುತ್ತಿದ್ದ ಬಟ್ಟೆಗಳವು. ನೀತಿಪಾಠದ ಜಾಗದಲ್ಲಿ ಆಕೆ ಹೊಲಿದದ್ದು, ಯಹೂದಿಯಾಗಿ ಬದುಕುವುದರ ಬಗ್ಗೆ ಬಂಧುಗಳು, ಗೆಳೆಯರು ಆಡಿದ ಮಾತುಗಳನ್ನು. ಮನೆ ಮುಚ್ಚಿಟ್ಟದ್ದನ್ನು ಸೂಜಿ ಹೊರಗೆ ತಂತು.

ಓದಿ ಮುಗಿಸಿದಾಗ ನನ್ನ ಮಾಡ್ಯುಲರ್ ಕಿಚನ್, ಬೂದು ಬಣ್ಣದ ಸೋಫಾ ನೋಡಿದೆ. ಇಲ್ಲೂ ಚಡಚಣದ್ದು ಏನೂ ಕಾಣ್ತಿರಲಿಲ್ಲ.

ಸ್ಟೂಲ್ ಹಾಕಿ ಕೌದಿ ಇಳಿಸಿದೆ. ಅವ್ವಗ ವಿಡಿಯೊ ಕಾಲ್ ಮಾಡಿ ಒಂದೊಂದೇ ತುಂಡು ತೋರಿಸಿದೆ. "ಇದು ನನ್ನ ಮದವಿ ಸೀರಿ. ಇದು ನಿಮ್ಮ ಕಾಕಾನ ಲುಂಗಿ," ಅಂತ ಹೇಳ್ತಾ ಹೋದಳು. ನಾನು ಎಕ್ಸೆಲ್ಲಿನಲ್ಲಿ ಬರೆದುಕೊಂಡೆ. ಎರಡು ತುಂಡಿನ ಗುರುತು ಮಾತ್ರ ಆಕೆಗೂ ಹತ್ತಲಿಲ್ಲ.

"ಆಯಿಗೆ ಗೊತ್ತಿತ್ತು ನೋಡಪ್ಪ," ಅಂದಳು.

ಆಯಿ ಹೋಗಿ ನಾಲ್ಕು ವರ್ಷ. ಎಕ್ಸೆಲ್ಲಿನ ಆ ಎರಡು ಸಾಲು ಇನ್ನೂ ಖಾಲಿ ಇವೆ.