ಡಿವಿಡಿಯಲ್ಲಿ ಎಂಟು ದನಿಗೆ ಜಾಗ, ಕನ್ನಡದ್ದು ಖಾಲಿ

ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ನಮ್ಮ ಓಣಿಯವರು ದುಡ್ಡು ಕೂಡಿಸಿ ನವಲಗುಂದದಿಂದ ಡಿವಿಡಿ ಪ್ಲೇಯರ್ ಬಾಡಿಗೆಗೆ ತರುತ್ತಿದ್ದರು. ಕಟ್ಟೆಯ ಮೇಲೆ ಟಿವಿ ಇಟ್ಟರೆ ರಾತ್ರಿಯೆಲ್ಲ ಸಿನಿಮಾ. ಒಂದು ಕನ್ನಡದ್ದು, ಉಳಿದವು ಹಿಂದಿ ಇಲ್ಲವೇ ಇಂಗ್ಲಿಷಿನವು. ಕನ್ನಡದ್ದು ಮುಗಿದ ಕೂಡಲೇ ಅಜ್ಜಿ ನನ್ನ ಪಕ್ಕಕ್ಕೆ ಸರಿಯುತ್ತಿದ್ದಳು. “ತಮ್ಮಾ, ಅಂವ ಏನಂದಾ?” ನಾನು ಹೇಳಿ ಮುಗಿಸುವಷ್ಟರಲ್ಲಿ ಇನ್ನೆರಡು ಮಾತು ಮುಂದೆ ಹೋಗಿರುತ್ತಿದ್ದವು.

ರಿಮೋಟಿನಲ್ಲಿ ಆಡಿಯೋ, ಸಬ್‌ಟೈಟಲ್ ಅಂತ ಎರಡು ಗುಂಡಿ ಇದ್ದವು. ಒತ್ತಿದರೆ ಇಂಗ್ಲಿಷ್, ಹಿಂದಿ, ಕೆಲವೊಮ್ಮೆ ತಮಿಳು, ತೆಲುಗು. “ಇದರಾಗ ಕನ್ನಡ ಇಲ್ಲೇನೋ?” ಅಂತ ಅಜ್ಜಿ ಕೇಳುತ್ತಿದ್ದಳು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅಷ್ಟಿಷ್ಟು ಇದೆ.

ಮೊದಲು ಯಂತ್ರದ ಮಾತು. 1996ರಲ್ಲಿ ಜಪಾನಿನಲ್ಲಿ ಡಿವಿಡಿ ಮಾರಾಟಕ್ಕೆ ಬಂತು. ಅದಕ್ಕೂ ಹಿಂದಿನ ವಿಸಿಡಿಯಲ್ಲಿ ಸಬ್‌ಟೈಟಲ್ ಇದ್ದರೆ ಚಿತ್ರದ ಮೇಲೇ ಅಚ್ಚಾಗಿರುತ್ತಿತ್ತು, ತೆಗೆಯಲು ಬರುತ್ತಿರಲಿಲ್ಲ. ಡಿವಿಡಿಯ ನಿಯಮ ಬರೆದವರು ಒಂದೇ ಚಿತ್ರಕ್ಕೆ 8 ಆಡಿಯೋ ಮತ್ತು 32 ಸಬ್‌ಟೈಟಲ್ ಜೋಡಿಸಲು ಜಾಗ ಬಿಟ್ಟರು. ಡಿಸ್ಕ್ ತಯಾರಿಸುವವನು ಚಿತ್ರ, ದನಿ, ಅಕ್ಷರ ಮೂರನ್ನೂ ಬೇರೆ ಬೇರೆ ಫೈಲ್ ಮಾಡಿ ಒಂದೊಂದು ದನಿಗೂ ಒಂದೊಂದು ನಂಬರ್ ಕೊಡುತ್ತಾನೆ. ಆ ನಂಬರಿಗೆ ಎರಡಕ್ಷರದ ಭಾಷಾ ಗುರುತು ಹಚ್ಚುತ್ತಾನೆ. ಹಿಂದಿಗೆ ‘ಎಚ್ಐ’, ತಮಿಳಿಗೆ ‘ಟಿಎ’, ಕನ್ನಡಕ್ಕೆ ‘ಕೆಎನ್’. ಹೌದು, ಕನ್ನಡದ ಗುರುತೂ ಆ ಪಟ್ಟಿಯಲ್ಲಿತ್ತು.

ಆ ಗುರುತು ಬರೀ ಚೀಟಿ ಇದ್ದಂತೆ. ಒಳಗೆ ಯಾವ ಭಾಷೆ ಇದೆ ಎಂದು ಯಂತ್ರ ಕೇಳಿ ನೋಡುವುದಿಲ್ಲ. ನಿಮ್ಮ ಮನೆಯ ಮದುವೆ ಡಿವಿಡಿ ಹಾಕಿ ಆಡಿಯೋ ಗುಂಡಿ ಒತ್ತಿ ನೋಡಿ. ಸೋಬಾನೆ ಪದ ಕೇಳುತ್ತಿರುತ್ತದೆ, ಪರದೆಯ ಮೇಲೆ ‘ಇಂಗ್ಲಿಷ್’ ಎಂದು ಬಂದರೂ ಬರಬಹುದು. ಎಡಿಟಿಂಗ್ ಮಾಡಿದವರು ಸಾಫ್ಟ್‌ವೇರಿನಲ್ಲಿ ಮೊದಲೇ ಇದ್ದ ಗುರುತನ್ನು ಬದಲಿಸದೆ ಬಿಟ್ಟಿದ್ದರೆ ಹಾಗಾಗುತ್ತದೆ.

ಹಾಗಾದರೆ ಕನ್ನಡ ದನಿಗೆ ಡಿಸ್ಕಿನಲ್ಲಿ ಜಾಗ ಸಾಲುತ್ತಿರಲಿಲ್ಲವೇ? ಲೆಕ್ಕ ಹಾಕೋಣ. ಎರಡೂವರೆ ತಾಸಿನ ಸಿನಿಮಾಕ್ಕೆ ಸಾಧಾರಣ ಗುಣಮಟ್ಟದ, ಅಂದರೆ ಸೆಕೆಂಡಿಗೆ 192 ಕಿಲೋಬಿಟ್‌ನ, ಇನ್ನೊಂದು ಆಡಿಯೋ ಸೇರಿಸಿದರೆ ಸುಮಾರು 216 ಎಂಬಿ. ಒಂದು ಪದರದ ಡಿಸ್ಕ್ ಹಿಡಿಯುವುದು 4.7 ಜಿಬಿ. ಇಪ್ಪತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ತಡೆ ಯಂತ್ರದ ಒಳಗಿರಲಿಲ್ಲ, ಹೊರಗಿತ್ತು.

ಅದಕ್ಕೆ 1960ರ ದಶಕಕ್ಕೆ ಹೋಗಬೇಕು. ಆಗ ಕನ್ನಡ ಚಿತ್ರರಂಗ ಇನ್ನೂ ಎಳೆಯದು. ಬಹಳಷ್ಟು ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು, ಬೆಂಗಳೂರಿನ ಥಿಯೇಟರುಗಳಲ್ಲೇ ಅವಕ್ಕೆ ಜಾಗ ಸಿಗುವುದು ಕಷ್ಟವಿತ್ತು. ತೆಲುಗಿನ ‘ಮಾಯಾಬಜಾರ್’ನಂಥ ದೊಡ್ಡ ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಬರುತ್ತಿದ್ದವು. ಹೀಗೇ ನಡೆದರೆ ನಮ್ಮ ನಟರು, ತಂತ್ರಜ್ಞರು, ಬರಹಗಾರರು ಉಳಿಯುವುದಿಲ್ಲವೆಂದು ಅ.ನ.ಕೃಷ್ಣರಾಯರಂಥ ಸಾಹಿತಿಗಳೂ ಚಿತ್ರರಂಗದವರೂ ಹೋರಾಟಕ್ಕಿಳಿದರು. ಡಬ್ಬಿಂಗ್ ನಿಂತಿತು. ಇದಕ್ಕೆ ಕಾನೂನು ಇರಲಿಲ್ಲ, ಚಿತ್ರರಂಗದ ಒಳಗಿನ ಕಟ್ಟುಪಾಡು ಅಷ್ಟೇ. ಆ ಹೊತ್ತಿಗೆ ಅದು ಬೇಕಾಗಿತ್ತು ಎಂದು ನನಗೂ ಅನ್ನಿಸುತ್ತದೆ.

ಆದರೆ ಕಾಲ ಬದಲಾದರೂ ಕಟ್ಟುಪಾಡು ಬದಲಾಗಲಿಲ್ಲ. 2007ರಲ್ಲಿ ಮೋಸರ್ ಬೇರ್ ಕಂಪನಿ 34 ರೂಪಾಯಿಗೆ ಡಿವಿಡಿ ಮಾರಲು ಶುರು ಮಾಡಿತು. ಸಿನಿಮಾ ಹಳ್ಳಿಯ ಮನೆಯೊಳಗೇ ಬಂತು, ನಮ್ಮ ಭಾಷೆ ಬರಲಿಲ್ಲ. ಕನ್ನಡದಿಂದ ಬೇರೆ ಭಾಷೆಗೆ ಡಬ್ ಮಾಡಿ ಮಾರಲು ಅಡ್ಡಿಯಿರಲಿಲ್ಲ. ಬೇರೆ ಭಾಷೆಯದು ಕನ್ನಡಕ್ಕೆ ಬರುವುದಕ್ಕೆ ಮಾತ್ರ ಬಾಗಿಲು ಮುಚ್ಚಿತ್ತು.

2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ಕಾರ್ಯಕ್ರಮ ತಮಿಳು, ತೆಲುಗು, ಮಲಯಾಳಂನಲ್ಲೂ ಟಿವಿಗೆ ಬಂತು, ಕನ್ನಡದಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2017ರಲ್ಲಿ ತಮಿಳಿನ ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಹೆಸರಿನಲ್ಲಿ ಕನ್ನಡ ಮಾತಾಡಿತು, ಅದಕ್ಕೂ ವಿರೋಧ ಎದ್ದಿತು. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಬಂದಾಗ ಹಳ್ಳಿಹಳ್ಳಿಯಲ್ಲಿ ಟಿವಿ ಮುಂದೆ ಕುಂತವರನ್ನು ನಾವೇ ನೋಡಿದ್ದೇವೆ.

ಇಲ್ಲಿಗೆ ಕತೆ ಮುಗಿಸಿದರೆ ತಪ್ಪೆಲ್ಲ ಚಿತ್ರರಂಗದ್ದೇ ಎಂದಾಗುತ್ತದೆ. ಅದು ಅರ್ಧ ಸತ್ಯ. ಸಬ್‌ಟೈಟಲ್‌ಗೆ ಯಾರೂ ತಡೆ ಹಾಕಿರಲಿಲ್ಲ. ಡಿವಿಡಿಯಲ್ಲಿ ಸಬ್‌ಟೈಟಲ್ ಅನ್ನುವುದು ಅಕ್ಷರವಲ್ಲ, ಅಕ್ಷರದ ಚಿತ್ರ. ಹಾಗಾಗಿ ಪ್ಲೇಯರಿನಲ್ಲಿ ಕನ್ನಡದ ಫಾಂಟ್ ಇರಬೇಕಾಗಿರಲಿಲ್ಲ, ಒತ್ತಕ್ಷರ ಒಡೆಯುವ ಭಯವೂ ಇರಲಿಲ್ಲ. 32 ಜಾಗದಲ್ಲಿ ಒಂದು ಕನ್ನಡಕ್ಕೆ ಸಿಗಬಹುದಿತ್ತು. ನಮ್ಮ ಕೈಗೆ ಬಂದ ಡಿಸ್ಕುಗಳಲ್ಲಿ ಅದು ಸಿಗಲಿಲ್ಲ. ಕನ್ನಡ ಚಿತ್ರಗಳ ಡಿಸ್ಕಿಗೂ ಇಂಗ್ಲಿಷ್ ಸಬ್‌ಟೈಟಲ್ ಹಾಕುತ್ತಿದ್ದರು, ಕಿವಿ ಕೇಳದ ಕನ್ನಡಿಗರಿಗೆ ಕನ್ನಡದ್ದು ಹಾಕುವ ಯೋಚನೆ ಬರಲಿಲ್ಲ. ತಯಾರಿಸುವವರು ಕೊಡಲಿಲ್ಲ, ಕೊಳ್ಳುವ ನಾವು ಕೇಳಲೂ ಇಲ್ಲ.

ಈಗ ಡಿವಿಡಿ ಪ್ಲೇಯರ್ ಅಟ್ಟ ಸೇರಿದೆ. ಆ ಎರಡು ಗುಂಡಿ ಮಾತ್ರ ನಿಮ್ಮ ಫೋನಿಗೆ ಬಂದಿವೆ. ಸಿನಿಮಾ ನಡೆಯುವಾಗ ಪರದೆ ಮುಟ್ಟಿದರೆ ಭಾಷೆಯ ಪಟ್ಟಿ ತೆರೆಯುತ್ತದೆ. ಕನ್ನಡ ಇದ್ದರೆ ಅದನ್ನೇ ಆರಿಸಿ. ಎಷ್ಟು ಜನ ಯಾವ ಭಾಷೆ ಆರಿಸುತ್ತಾರೆ ಎಂಬ ಲೆಕ್ಕ ಕಂಪನಿಗೆ ಸಿಗುತ್ತದೆ. ಇಲ್ಲದಿದ್ದರೆ ಬೇಕೆಂದು ಬರೆದು ಕೇಳಿ. ನಿಮ್ಮೂರ ಸಣ್ಣಾಟ, ಡೊಳ್ಳಿನ ಪದವನ್ನು ಯೂಟ್ಯೂಬಿಗೆ ಹಾಕುವಾಗ ಭಾಷೆಯ ಕಡೆ ‘ಕನ್ನಡ’ ಎಂದು ಗುರುತು ಹಚ್ಚಲು ಮರೆಯಬೇಡಿ.

ಅಜ್ಜಿ ಈಗಿಲ್ಲ. ಅವಳಿಗೆ ನಾನು ಅರ್ಧಂಬರ್ಧ ಹೇಳಿದ ಕತೆಗಳೆಲ್ಲ ಹಾಗೇ ಉಳಿದವು.