ಎಂಜಿನ್ನಿಗೂ ಮೊದಲೇ ಪೇಟೆಂಟ್: ಪಾದರಸದ ಚಕ್ರದಿಂದ ಡೀಸೆಲ್‌ವರೆಗೆ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಕರೆಂಟ್ ಕೈಕೊಟ್ಟಾಗ ನೆನಪಾಗುವುದು ಡೀಸೆಲ್ ಎಂಜಿನ್. ಡೀಸೆಲ್ ದರ ಏರಿದಾಗಲೆಲ್ಲ ನೀರಿನಿಂದಲೋ ಅಯಸ್ಕಾಂತದಿಂದಲೋ ಓಡುವ ಎಂಜಿನ್ನಿನ ಸುದ್ದಿ ಹುಟ್ಟುತ್ತದೆ. ಬೆನ್ನಿಗೇ ‘ಪೇಟೆಂಟ್ ಸಿಕ್ಕಿದೆ’ ಎಂಬ ಮಾತು. ಯಂತ್ರ ನಡೆಯುತ್ತದೆ ಎಂಬುದಕ್ಕೆ ಪೇಟೆಂಟು ಸರ್ಕಾರ ಕೊಟ್ಟ ಪ್ರಮಾಣಪತ್ರ ಎಂಬ ಈ ನಂಬಿಕೆಗೆ ಕಾಯ್ದೆಯಲ್ಲೂ ಇತಿಹಾಸದಲ್ಲೂ ಆಧಾರವಿಲ್ಲ.

ತಾನಾಗಿ ತಿರುಗುವ ಯಂತ್ರದ ಚರಿತ್ರೆಗೂ ವಿಜಯಪುರಕ್ಕೂ ಒಂದು ನಂಟು ಹೇಳುವುದುಂಟು. ಎರಡನೆಯ ಭಾಸ್ಕರಾಚಾರ್ಯ (ಜನನ 1114) ತನ್ನ ಊರನ್ನು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ಎಂದಿದ್ದಾನೆ. ಅದು ವಿಜಯಪುರವೇ ಎನ್ನುವವರಿದ್ದಾರೆ. ಆದರೆ ಅವನ ಮೊಮ್ಮಗ ಚಾಂಗದೇವನ 1207ರ ಶಾಸನ ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿರುವುದರಿಂದ ಆ ಗುರುತು ನನಗೆ ಗಟ್ಟಿ ಎನಿಸುವುದಿಲ್ಲ. ಊರಿನ ವಾದ ಹಾಗಿರಲಿ. 1150ರ ‘ಸಿದ್ಧಾಂತಶಿರೋಮಣಿ’ಯ ಯಂತ್ರಾಧ್ಯಾಯದಲ್ಲಿ ಅವನು ವರ್ಣಿಸಿದ ಚಕ್ರಕ್ಕೆ ಒಂದೇ ಕಡೆ ಬಾಗಿದ ಟೊಳ್ಳು ಅರೆಗಳು, ಪ್ರತಿಯೊಂದರಲ್ಲೂ ಅರ್ಧ ಪಾದರಸ. ಬ್ರಹ್ಮಗುಪ್ತ 628ರಲ್ಲೇ ಇಂಥದ್ದನ್ನು ಬರೆದಿದ್ದ. ಇಳಿಯುವ ಬದಿಯಲ್ಲಿ ಪಾದರಸ ಅಂಚಿಗೆ ಸರಿದು ಜಾಸ್ತಿ ಎಳೆಯುತ್ತದೆ, ಏರುವ ಬದಿಯಲ್ಲಿ ಅಚ್ಚಿನತ್ತ ಸರಿದು ಕಡಿಮೆ ಎಳೆಯುತ್ತದೆ ಎಂಬುದು ಇದರ ಹಿಂದಿನ ಎಣಿಕೆ. ಆದರೆ ಏರುವ ಬದಿಯಲ್ಲಿ ಪಾದರಸದ ಪಾಲೇ ಹೆಚ್ಚು. ಎರಡೂ ಎಳೆತ ಸರಿಹೋಗಿ ಚಕ್ರ ನಿಂತುಬಿಡುತ್ತದೆ.

ಇಂಥ ಚಕ್ರಕ್ಕೆ ಇಂದು ಭಾರತದಲ್ಲಿ ಪೇಟೆಂಟ್ ಸಿಗದು. ನಿಸರ್ಗ ನಿಯಮಕ್ಕೆ ಎದ್ದುಕಾಣುವಂತೆ ವಿರುದ್ಧವಾದದ್ದು ಆವಿಷ್ಕಾರವೇ ಅಲ್ಲ ಎನ್ನುತ್ತದೆ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಎ). ಹಾಗೆ ಎದ್ದುಕಾಣದ ಹುಳುಕು ಮಾತ್ರ ಈ ಜರಡಿಯಲ್ಲಿ ನುಸುಳಬಹುದು. ಪರೀಕ್ಷಕರು ನೋಡುವುದು ಮುಖ್ಯವಾಗಿ ಕಾಗದವನ್ನು: ಹೊಸತೇ, ಬಲ್ಲವರಿಗೆ ಸುಲಭವಾಗಿ ಹೊಳೆಯದ್ದೇ, ವಿವರಣೆ ಸಾಕಷ್ಟಿದೆಯೇ. ಕಲಂ 13(4) ಇನ್ನೂ ಖಚಿತ: ಈ ಪರೀಕ್ಷೆ ಪೇಟೆಂಟಿನ ಸಿಂಧುತ್ವಕ್ಕೇ ಖಾತರಿಯಲ್ಲ. ಪಂಪ್ ಓಡುವ ಖಾತರಿ ದೂರದ ಮಾತು.

ರುಜುವಾತಾಗದ ಎಂಜಿನ್ನಿಗೆ ಪೇಟೆಂಟ್ ಕೊಡುವುದೇ ತಪ್ಪು ಎನ್ನುವಂತೆಯೂ ಇಲ್ಲ. ರುಡಾಲ್ಫ್ ಡೀಸೆಲ್‌ಗೆ 1893ರ ಫೆಬ್ರವರಿಯಲ್ಲಿ ಜರ್ಮನ್ ಪೇಟೆಂಟ್ 67207 ಸಿಕ್ಕಾಗ ಅವನ ಬಳಿ ಎಂಜಿನ್ ಇರಲಿಲ್ಲ. ಉರಿಯುವಾಗ ತಾಪ ಏರಬಾರದು ಎಂಬ ಅವನ ಮೂಲ ಲೆಕ್ಕವೂ ಕೈಗೂಡುವಂಥದ್ದಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಆಗ್ಸ್‌ಬರ್ಗ್‌ನ ಕಾರ್ಖಾನೆಯೊಂದರಲ್ಲಿ ಮೊದಲ ಪ್ರಯೋಗ ನಡೆದಾಗ ಒತ್ತಡ ಅಳೆಯುವ ಉಪಕರಣ ಸಿಡಿಯಿತು. ನವೆಂಬರ್‌ನಲ್ಲಿ ತಿದ್ದಿದ ವಿಚಾರಕ್ಕೆ ಇನ್ನೊಂದು ಅರ್ಜಿ. 1894ರ ಫೆಬ್ರವರಿ 17ರಂದು ಎಂಜಿನ್ ಸ್ವಂತ ಬಲದಿಂದ ಓಡಿದ್ದು ಸುಮಾರು ಒಂದು ನಿಮಿಷ. 1897ರಲ್ಲಿ ಪ್ರೊಫೆಸರ್ ಮೊರಿಟ್ಜ್ ಶ್ರೋಟರ್ ಅಳೆದು ನೋಡಿದಾಗ ದಕ್ಷತೆ ಶೇ. 26.2, ಅಂದಿನ ಉಗಿಯಂತ್ರಗಳ ಎರಡು ಪಟ್ಟಿಗೂ ಮೇಲೆ. ಡೀಸೆಲ್‌ನನ್ನು ಗೆಲ್ಲಿಸಿದ್ದು ಪೇಟೆಂಟಲ್ಲ, ಕಾರ್ಖಾನೆ ಹಣ ಹಾಕಿ ಕಾದ ನಾಲ್ಕು ವರ್ಷ ಮತ್ತು ಹೊರಗಿನವನೊಬ್ಬ ಮಾಡಿದ ಅಳತೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಮಾದರಿಯ ಎಂಜಿನ್ ಒಂದು ಶೇಂಗಾ ಎಣ್ಣೆಯಲ್ಲಿ ಓಡಿತೆಂಬುದು ನಮ್ಮ ಸೀಮೆಯವರಿಗೆ ಸೋಜಿಗವಾದೀತು.

ಪರ್ಯಾಯ ಇಂಧನಕ್ಕೆ ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಅಲ್ಲಿ ಕಟ್ಟಿಗೆಯಿಂದ ಅನಿಲ ತೆಗೆದು, ಡೀಸೆಲ್ ಜೊತೆಗೇ ಉರಿಸಿ, ಊರಿಗೆ ದೀಪ ಕೊಟ್ಟರು. ಎಷ್ಟು ಡೀಸೆಲ್ ಉಳಿಯಿತೆಂಬ ಲೆಕ್ಕವನ್ನೂ ಪ್ರಕಟಿಸಿದರು. ‘ಡೀಸೆಲ್ ಬೇಡವೇ ಬೇಡ’ ಎಂಬ ಜಾಹೀರಾತಿಗಿಂತ ಈ ಲೆಕ್ಕಕ್ಕೆ ತೂಕ ಜಾಸ್ತಿ.

ಹೊಸ ಎಂಜಿನ್ ಮಾರಲು ಬಂದವರು ನಂಬರ್ ತೋರಿಸಿದರೆ ಅದು ಮಂಜೂರಾದ ಪೇಟೆಂಟೋ ಬರೀ ಅರ್ಜಿಯೋ ಎಂದು ಮೊದಲು ಕೇಳಿ; 18 ತಿಂಗಳು ಕಳೆದರೆ ಅರ್ಜಿಯೂ ಪ್ರಕಟವಾಗುತ್ತದೆ. ಒಂದು ಕಿಲೋವಾಟ್-ಗಂಟೆ ಕೆಲಸಕ್ಕೆ ಎಷ್ಟು ಗ್ರಾಂ ಇಂಧನ ಬೇಕಾಯಿತು, ಅಳೆದವರು ಯಾರು ಎಂಬ ವರದಿ ಕೈಗೆ ಬರುವತನಕ ಮುಂಗಡ ಕೊಡಬೇಡಿ.